ಟೀಚರಮ್ಮನ ಪಕ್ಕದಲ್ಲಿ ಯಾರು ಕೂರುತ್ತಾರೆ?



ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಗೇಟಿನ ಬಳಿ ನಾವು ನಾಲ್ಕು ಜನ ಸೇರಿದರೆ ಮಾತಿಗೇನು ಬರವೇ? ಟೊಮೇಟೊ ಬೆಲೆ, ಅತ್ತೆಯವರ ಮಂಡಿನೋವು ಎಲ್ಲ ಮುಗಿದ ಮೇಲೆ ಟೀಚರುಗಳ ಸರದಿ. "ಶಾಲೆಗೆ ಅಷ್ಟು ದೊಡ್ಡ ಟೀವಿ ಬಂದಿದೆಯಂತೆ, ಆ ಟೀಚರಮ್ಮನಿಗೆ ಆನ್ ಮಾಡೋದಕ್ಕೇ ಬರೋಲ್ವಂತೆ ಕಣ್ರೀ" ಎಂದು ಒಬ್ಬರು ಅಂದರೆ, "ನಮ್ಮನೆ ಮೂರು ವರ್ಷದ ಮಗು ತಾನೇ ಫೋನಿನಲ್ಲಿ ಹಾಡು ಹಾಕ್ಕೊಳ್ಳುತ್ತೆ" ಎಂದು ಇನ್ನೊಬ್ಬರು ಸೇರಿಸುತ್ತಾರೆ. ಎಲ್ಲರೂ ನಗುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯೂ ಬಂದು ಬೀಳುತ್ತದೆ.

ಈ ಸಲ ಆ ನಗೆಯ ಬಗ್ಗೆಯೇ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆನ್ನಿಸಿದೆ.

ಸ್ವಲ್ಪ ಯೋಚಿಸಿ ನೋಡಿ. ಐವತ್ತು ದಾಟಿದ ಹೆಂಗಸು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಪಾಠ ಮಾಡಿದವರು. ಯಾವ ಮಗುವಿಗೆ ಪಾಠ ಅರ್ಥವಾಯಿತು, ಯಾವ ಮಗು ಹಸಿದುಕೊಂಡು ಬಂದಿದೆ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲವರು. ಅಂಥವರು ನಲವತ್ತು ಮಕ್ಕಳೆದುರು ನಿಂತು ಗುಂಡಿ ಒತ್ತುತ್ತಾರೆ. ಟೀವಿಯ ಮೇಲೆ ನೀಲಿ ಬಣ್ಣ ಬಂದು 'ನೋ ಸಿಗ್ನಲ್' ಎಂದು ತೋರಿಸುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಅದೂ ಹೋಗುತ್ತದೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ಒಂದು ನಗು ಕೇಳುತ್ತದೆ. ಅಷ್ಟೇ! ಮರುದಿನದಿಂದ ಆ ಟೀವಿಗೆ ಹೂವಿನ ಬಟ್ಟೆಯ ಗೌಸು. ಯಾರಾದರೂ ಕೇಳಿದರೆ "ರಿಪೇರಿ ಇದೆ" ಎಂಬ ಉತ್ತರ.

ಆಕೆಗೆ ಯಂತ್ರದ ಭಯವೆಂದು ನಾವು ತಿಳಿಯುತ್ತೇವೆ. ಆದರೆ ಮನೆಯಲ್ಲಿ ಅವರೇ ಮಿಕ್ಸಿ ತಿರುಗಿಸುತ್ತಾರೆ, ವಾಷಿಂಗ್ ಮೆಷಿನ್ ಹಾಕುತ್ತಾರೆ, ತರಕಾರಿಯವನಿಗೆ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ. ಅವರಿಗಿರುವುದು ಮಕ್ಕಳ ಮುಂದೆ ಸಣ್ಣವರಾಗುವ ಭಯ. ಮೂವತ್ತು ವರ್ಷದಲ್ಲಿ ಗಳಿಸಿದ ಮರ್ಯಾದೆ ಒಂದು ಗುಂಡಿಗೆ ಹೋಗಿಬಿಟ್ಟರೆ? ಆ ಭಯ ಯಾರಿಗಿಲ್ಲ ಹೇಳಿ!

ಇದೇನೂ ಇವತ್ತಿನ ಕಥೆಯಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ, ಅಮೆರಿಕದವರಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ಪಾಠ ಬಂತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮ. ಅದೇ ವರ್ಷ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯನ್ನೂ ಕೊಟ್ಟರು. ಆಮೇಲೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. ಕಂಪ್ಯೂಟರು ಬಂತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ ಮೇಲೆ ಚಂದನ ವಾಹಿನಿಯ 'ಸಂವೇದ' ಪಾಠಗಳು ಬಂದವು. ನಮ್ಮ ಟೀಚರುಗಳು ರಾತ್ರೋರಾತ್ರಿ ಫೋನು ಹಿಡಿದು ಪಾಠ ಹೇಳಬೇಕಾಯಿತು.

ಅಮೆರಿಕದಲ್ಲೂ ಹೀಗೇ ಆಗಿದೆ. ಅಲ್ಲಿನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲ್ಯಾರಿ ಕ್ಯೂಬನ್ ಎಂಬ ಪ್ರೊಫೆಸರು 1986ರಲ್ಲೇ ಈ ಬಗ್ಗೆ ಒಂದು ಪುಸ್ತಕ ಬರೆದರು. 1920ರಿಂದೀಚೆಗೆ ತರಗತಿಗೆ ಸಿನಿಮಾ ಬಂತು, ರೇಡಿಯೋ ಬಂತು, ಟೀವಿ ಬಂತು. ಪ್ರತಿ ಸಲವೂ ಮೊದಲು ಭಾರಿ ಸಂಭ್ರಮ, ಆಮೇಲೆ ಮೂಲೆಯಲ್ಲಿ ಧೂಳು, ಕೊನೆಗೆ "ಎಲ್ಲ ಈ ಟೀಚರುಗಳದೇ ತಪ್ಪು" ಎಂಬ ಮಾತು! ನಮ್ಮ ಗೇಟಿನ ಬಳಿಯ ಮಾತಿಗೂ ಅದಕ್ಕೂ ಏನು ವ್ಯತ್ಯಾಸ?

ತರಬೇತಿ ಕೊಡುವುದಿಲ್ಲವೇ ಎಂದು ಕೇಳುವಿರಿ. ಕೊಡುತ್ತಾರೆ. ದೊಡ್ಡ ಹಾಲಿನಲ್ಲಿ ನೂರು ಜನರನ್ನು ಕೂರಿಸಿ, ಮುಂದೆ ಒಬ್ಬ ಹುಡುಗ ಚಕಚಕನೆ ಗುಂಡಿ ಒತ್ತಿ ತೋರಿಸಿ, ಕಾಫಿ-ಬಿಸ್ಕತ್ತು ಕೊಟ್ಟು ಕಳಿಸಿದರೆ ಅದು ಎಷ್ಟು ದಿನ ನೆನಪಿರುತ್ತದೆ? ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ? ಮೈಸೂರುಪಾಕಿನ ಹದವನ್ನು ಯಾರಾದರೂ ಭಾಷಣ ಕೇಳಿ ಕಲಿತದ್ದುಂಟೇ? ಪಕ್ಕದಲ್ಲಿ ಅಮ್ಮನೋ ಅಕ್ಕನೋ ನಿಂತು, "ಈಗ ಇಳಿಸು, ಈಗ!" ಎಂದಾಗ ತಾನೇ ನಮಗೆ ಕೈ ಕುದುರಿದ್ದು?

ನಮ್ಮ ಬೀದಿಯಲ್ಲಿ ಒಬ್ಬ ಟೀಚರಮ್ಮ ಇದ್ದಾರೆ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳುವವರು. ಯಜಮಾನರಿಗೆ ಪಾರ್ಶ್ವವಾಯು ಆಗಿ ಮನೆಯಲ್ಲೇ ಇದ್ದಾರೆ. ಇವರ ಸಂಬಳವೇ ಸಂಸಾರಕ್ಕೆ ಆಧಾರ. ಹೋದ ವರ್ಷ ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕುಳಿತವರು, "ಇನ್ನು ನನ್ನ ಕೈಲಾಗೋಲ್ಲಮ್ಮಾ. ಇನ್ನೂ ಏಳು ವರ್ಷ ಸರ್ವೀಸಿದೆ, ವಾಲಂಟರಿ ತೊಗೊಂಡುಬಿಡ್ತೀನಿ. ಆ ಟೀವಿ ಮುಂದೆ ನಿಂತರೆ ಕೈ ನಡುಗುತ್ತೆ" ಎಂದು ಕಣ್ಣೊರೆಸಿಕೊಂಡರು. ನನಗೆ ಎದೆ ಧಸಕ್ಕೆಂದಿತು. ಒಂದು ಟೀವಿಯ ದೆಸೆಯಿಂದ ಒಂದು ಸಂಸಾರದ ಅನ್ನಕ್ಕೇ ಕಲ್ಲು ಬೀಳುವುದೇ? ಊರಿನ ಮಕ್ಕಳು ಅಷ್ಟು ಒಳ್ಳೆಯ ಟೀಚರನ್ನು ಕಳೆದುಕೊಳ್ಳುವುದೇ?

ನನ್ನ ಮಗಳು ಅವರ ಹಳೆಯ ವಿದ್ಯಾರ್ಥಿನಿ, ಆಗ ಪಿಯುಸಿ ಓದುತ್ತಿದ್ದಳು. "ಮಿಸ್, ಭಾನುವಾರ ಮಧ್ಯಾಹ್ನ ಬನ್ನಿ, ಇಬ್ಬರೂ ನೋಡೋಣ" ಎಂದಳು. ಮೊದಲ ದಿನ ಅವಳು ಫೋನನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ನಾಳೆ ಯಾವ ಪಾಠ ಮಿಸ್?" ಎಂದು ಕೇಳಿದಳು. ಹೃದಯದ ಪಾಠ. "ಅದರಲ್ಲಿ ಬೋರ್ಡಿನ ಮೇಲೆ ತೋರಿಸೋಕೆ ಯಾವುದು ಕಷ್ಟ?" ರಕ್ತ ಒಳಗೆ ಬರುವುದು, ಹೊರಗೆ ಹೋಗುವುದು, ಚಿತ್ರ ಬರೆಯಬಹುದು, ಬಡಿತ ತೋರಿಸುವುದು ಹೇಗೆ? ಸರಿ, ಅಷ್ಟೊಂದನ್ನೇ ಹುಡುಕಿದರು. ಟೀಚರಮ್ಮನ ಬೆರಳೇ ಒತ್ತಿತು, ತಪ್ಪಿದರೆ ಮತ್ತೆ ಒತ್ತಿತು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಒಂದು, ಎರಡು, ಮೂರು ಎಂದು ತಮ್ಮ ಕೈಬರಹದಲ್ಲೇ ಬರೆದುಕೊಂಡರು. ನಾನು ಮಾಡಿದ್ದು ಟೀ ಮತ್ತು ಮಂಡಕ್ಕಿ ಒಗ್ಗರಣೆ ಮಾತ್ರ!

ಎಂಟು ಭಾನುವಾರ ಹೀಗೆ ನಡೆಯಿತು. ಮೊನ್ನೆ ಬಂದವರು ಹೇಳಿದರು: "ಪಾಠದ ಮಧ್ಯೆ ಕರೆಂಟು ಹೋಯ್ತಮ್ಮಾ. ನಾನು ನಕ್ಕುಬಿಟ್ಟೆ. ಸರಿ ಮಕ್ಕಳೇ, ಈಗ ನನ್ನ ಟೀವಿ ನೋಡಿ ಅಂತ ಸೀಮೆಸುಣ್ಣ ತೊಗೊಂಡೆ." ಆ ನಗು ಕೇಳಿದಾಗ ನನಗೆ ನೆಮ್ಮದಿಯಾಯಿತು. ಯಂತ್ರ ನಡೆದಾಗ ಯಾರು ಬೇಕಾದರೂ ಧೈರ್ಯವಾಗಿರುತ್ತಾರೆ; ನಿಂತುಹೋದಾಗಲೂ ಕೈ ನಡುಗದಿದ್ದರೆ ಆಗ ಪಳಗಿದರು ಎನ್ನಬೇಕು. ವಾಲಂಟರಿಯ ಮಾತು ಈಗ ಅವರ ಬಾಯಲ್ಲಿ ಇಲ್ಲ.

ನಿಮ್ಮ ಮನೆಯಲ್ಲೂ ಟೀಚರಾಗಿರುವ ಅತ್ತಿಗೆಯೋ ನಾದಿನಿಯೋ ಇರಬಹುದು, ನೀವೇ ಟೀಚರಿರಬಹುದು. ನಾನು ಪಕ್ಕದಲ್ಲಿ ಕುಳಿತು ಕಂಡದ್ದನ್ನು ಇಲ್ಲಿ ಬರೆಯುತ್ತೇನೆ.

1. ಪಾಠದಿಂದ ಶುರುಮಾಡಿ, ಗುಂಡಿಯಿಂದ ಬೇಡ. ನಾಳೆಯ ಪಾಠದಲ್ಲಿ ಬಾಯಲ್ಲಿ ಹೇಳಲಾಗದ್ದು ಯಾವುದೋ ಅದಕ್ಕೊಂದೇ ಯಂತ್ರ ಸಾಕು.

2. ಕಲಿಯುವವರ ಕೈಯಲ್ಲೇ ಫೋನು ಇರಲಿ. "ಕೊಡಿ ಇಲ್ಲಿ, ನಾನು ಮಾಡ್ತೀನಿ" ಎಂದು ಕಸಿದುಕೊಂಡರೆ ಅವರು ಕಲಿತಂತೆಯೇ!

3. ಪಠ್ಯಪುಸ್ತಕದಲ್ಲಿ ಕಪ್ಪು ಚುಕ್ಕಿಗಳ ಚೌಕಾಕಾರದ ಗುರುತು ಇರುತ್ತದೆ ನೋಡಿ, ಕ್ಯೂಆರ್ ಕೋಡ್ ಎನ್ನುತ್ತಾರೆ. ತರಕಾರಿ ಅಂಗಡಿಯಲ್ಲಿ ದುಡ್ಡು ಕೊಡಲು ಫೋನು ಹಿಡಿಯುತ್ತೇವಲ್ಲ, ಅಂಥದ್ದೇ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ' ಆ್ಯಪಿನಿಂದ ಅದನ್ನು ಹಿಡಿದರೆ ಆ ಪಾಠಕ್ಕೆ ಸಂಬಂಧಪಟ್ಟದ್ದು ತೆರೆದುಕೊಳ್ಳುತ್ತದೆ. ಹಿಂದಿನ ರಾತ್ರಿಯೇ ಮನೆಯಲ್ಲಿ ಇಳಿಸಿಟ್ಟುಕೊಂಡರೆ ಶಾಲೆಯಲ್ಲಿ ನೆಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಇಡ್ಲಿ ಹಿಟ್ಟು ರುಬ್ಬಿಟ್ಟ ಹಾಗೆ ಅನ್ನಿ.

4. ಕನ್ನಡ ಟೈಪಿಂಗ್ ಕಷ್ಟವೆಂದು ಪ್ರಶ್ನೆಪತ್ರಿಕೆಗೆ ದುಡ್ಡು ಕೊಟ್ಟು ಮಾಡಿಸುವವರಿದ್ದಾರೆ. ಫೋನಿನ ಕೀಬೋರ್ಡಿನಲ್ಲಿರುವ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಮಾತಾಡಿದರೆ ಅಕ್ಷರ ತಾನಾಗಿ ಮೂಡುತ್ತದೆ. ಆಮೇಲೆ ಒಮ್ಮೆ ಓದಿ ತಿದ್ದಿದರಾಯಿತು. ಟೀಚರಮ್ಮನ ಭಯ ಅರ್ಧ ಕಡಿಮೆಯಾದದ್ದು ಇದರಿಂದಲೇ. ಮೊದಲು ಅವರ ಕೆಲಸ ಹಗುರವಾಗಬೇಕು, ಆಮೇಲೆ ಆಸೆ ತಾನೇ ಬರುತ್ತದೆ.

5. ಗಣಿತದವರಿಗೆ 'ಜಿಯೋಜೀಬ್ರಾ' ಎಂಬುದಿದೆ, ಶಾಲೆಗಳಿಗೆ ಉಚಿತ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯೇ. ಬೋರ್ಡಿನ ಮೇಲಾದರೆ ಹತ್ತು ತ್ರಿಭುಜ ಬರೆಯಬೇಕು.

6. ಮಕ್ಕಳಿಲ್ಲದ ಹೊತ್ತಿನಲ್ಲಿ ಅದೇ ಕೊಠಡಿಯಲ್ಲಿ, ಅದೇ ಟೀವಿಗೆ ವೈರು ಸಿಕ್ಕಿಸಿ ಒಮ್ಮೆ ಅಭ್ಯಾಸ ಮಾಡಿ. ತರಗತಿಯಲ್ಲಿ ಇಬ್ಬರು ಮಕ್ಕಳನ್ನು ವಾರಕ್ಕೊಮ್ಮೆ ಸಹಾಯಕ್ಕೆ ನೇಮಿಸಿ. ನಗುವ ಹುಡುಗನೇ ವೈರು ಸಿಕ್ಕಿಸುವವನಾದರೆ ನಗು ಅಲ್ಲಿಗೇ ನಿಂತಿತು!

ಹಾಗೆಂದು ದಿನವಿಡೀ ಟೀವಿ ಹಾಕಿ ಮಕ್ಕಳನ್ನು ಕೂರಿಸಿದರೆ ಅದು ಪಾಠವಾಗದು. ಐದು ನಿಮಿಷ ತೋರಿಸಿ, ನಿಲ್ಲಿಸಿ, ಪ್ರಶ್ನೆ ಕೇಳುವುದು ಟೀಚರ ಕೆಲಸವೇ. ಉಪ್ಪಿನಕಾಯಿ ಎಲೆಯ ತುದಿಯಲ್ಲಿದ್ದರೆ ಚೆನ್ನ.

ಇನ್ನು ತಾಯಂದಿರಾದ ನಮ್ಮ ಪಾಲೇನು? ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಎಂಬ ಸಮಿತಿ ಇದೆ, ಅದರಲ್ಲಿ ಪೋಷಕರು, ತಾಯಂದಿರೂ ಸದಸ್ಯರಾಗಿರುತ್ತಾರೆ. ಸಭೆಯಲ್ಲಿ "ಟೀವಿ ಯಾವಾಗ ತರಿಸ್ತೀರಿ?" ಎಂದು ಕೇಳುವವರು ಬೇಕಾದಷ್ಟು. "ಟೀಚರ ಪಕ್ಕದಲ್ಲಿ ಕೂತು ಹೇಳಿಕೊಡೋರು ಯಾರು? ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ಆ ಕೊಠಡಿಯ ಪ್ಲಗ್ಗು ಸರಿಯಿದೆಯೇ?" ಎಂದು ನೀವು ಕೇಳಿ. ಅನೇಕ ಕಡೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಬರೀ ಕುಣಿಯುವವಳದೇ ತಪ್ಪಲ್ಲ. ರಜೆಗೆ ಬಂದ ಕಾಲೇಜು ಮಕ್ಕಳಿದ್ದರೆ ವಾರಕ್ಕೊಂದು ಗಂಟೆ ಶಾಲೆಗೆ ಕಳಿಸಿ. ಹೋಗುವ ಮೊದಲು "ಟೀಚರ ಮುಂದೆ ನಗಬೇಡ, ಅವಸರ ಮಾಡಬೇಡ" ಎಂದು ಹೇಳಿ ಕಳಿಸಿ.

ಮತ್ತೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತೂವರೆಗೆ "ಹೋಂವರ್ಕ್ ಏನು ಮಿಸ್?" ಎಂದು ಕೇಳುವ ಅಭ್ಯಾಸವನ್ನು ನಾವು ಬಿಡೋಣ. ಆಕೆಗೂ ಒಲೆ ಒರೆಸುವ ಕೆಲಸವಿರುತ್ತದೆ, ಯಜಮಾನರಿಗೆ ಮಾತ್ರೆ ಕೊಡುವುದಿರುತ್ತದೆ. ಫೋನೆಂದರೆ ರಾತ್ರಿಯೂ ಬಿಡದ ಕಾಟ ಎಂದಾಗಿಬಿಟ್ಟರೆ, ಬೆಳಗ್ಗೆ ಅದೇ ಫೋನಿನಿಂದ ಪಾಠ ಹೇಳಲು ಆಕೆಗೆ ಮನಸ್ಸು ಹೇಗೆ ಬಂದೀತು?

ನಮ್ಮ ಮಕ್ಕಳಿಗೆ ಅಕ್ಷರ ಬರೆಯಿಸುವಾಗ ಅವರು ಎಷ್ಟು ಸಲ ತಪ್ಪಿದರೂ "ಪರವಾಗಿಲ್ಲ, ಇನ್ನೊಂದು ಸಲ ಬರಿ" ಎಂದು ಕೈ ಹಿಡಿದು ತಿದ್ದಿಸಿದವರು ಈ ಟೀಚರುಗಳೇ. ಆ ಸಾಲದಲ್ಲಿ ಒಂದಿಷ್ಟನ್ನು ತೀರಿಸುವ ಕಾಲ ಬಂದಿದೆ. ನಿಮ್ಮ ಊರಿನಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತು ಏನು ಕಲಿಸಿದರು, ಯಾವುದು ಫಲಿಸಿತು ಎಂಬುದನ್ನು ನನಗೆ ತಪ್ಪದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.