ಕೆಂಗೇರಿಯಲ್ಲಿ ಮುಗಿದ ನಕ್ಷೆ



ನಗರದೊಳಗೆ ಸಹಜ ಕಾಡನ್ನು ಮರಳಿ ತರುವ ಬಗೆಯನ್ನು ಕುರಿತ ವಿದ್ಯಾರ್ಥಿ ಕಾರ್ಯಾಗಾರವೊಂದರಲ್ಲಿ ಈಚೆಗೆ ಪಾಲ್ಗೊಂಡಿದ್ದೆ. ವಾಸ್ತುಶಿಲ್ಪ, ಸಸ್ಯಶಾಸ್ತ್ರ, ಕೃಷಿ ಓದುವ ಮಕ್ಕಳು ಒಟ್ಟಿಗೆ ಕುಳಿತು ಬೆಂಗಳೂರಿನ ಪಶ್ಚಿಮ ಭಾಗದ ವೃಷಭಾವತಿಯ ದಡಕ್ಕೆ ಯೋಜನೆ ರೂಪಿಸಬೇಕಿತ್ತು. ಮಲೆನಾಡಿನ ಕೆಲವು ವಿದ್ಯಾರ್ಥಿಗಳೂ ಬಂದಿದ್ದರು.

ಪಟ್ಟಣದ ರಾಜಕಾಲುವೆಗೂ ಗುಡ್ಡಗಾಡಿನ ನಮಗೂ ಏನು ನಂಟು ಎಂದು ಕೇಳುವವರಿದ್ದಾರೆ. ನಂಟು ನೀರಿನದು. ತಲಕಾವೇರಿಯ ಬೆಟ್ಟದಲ್ಲಿ, ಹೇಮಾವತಿ ಹುಟ್ಟುವ ಮೂಡಿಗೆರೆ ಸೀಮೆಯಲ್ಲಿ ಸುರಿದ ಮಳೆ ಕೃಷ್ಣರಾಜಸಾಗರ ಸೇರಿ, ಮುಂದೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪುಗಳ ಬಲದಿಂದ ಏರಿ ಬೆಂಗಳೂರಿನ ನಲ್ಲಿಗಳಿಗೆ ಬರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ಬಳಕೆಯಾದ ಆ ನೀರು ಸಂಸ್ಕರಣೆಗೊಂಡೋ ಗೊಳ್ಳದೆಯೋ ವೃಷಭಾವತಿಗೆ ಬೀಳುತ್ತದೆ. ಕಾರ್ಖಾನೆಗಳ ತ್ಯಾಜ್ಯವೂ ಅದಕ್ಕೆ ಸೇರುತ್ತದೆ. ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲದ ಹಾದಿಯಾಗಿ ಹರಿದು, ಅರ್ಕಾವತಿಯ ಮೂಲಕ ಮರಳಿ ಕಾವೇರಿಯನ್ನೇ ಕೂಡುತ್ತದೆ.

ಮೊದಲ ದಿನ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಅಡ್ಡಾಡಿದೆವು. ಸುಮಾರು 1,100 ಎಕರೆಯ ಈ ನೆಲದ ಜೈವಿಕ ಉದ್ಯಾನದಲ್ಲಿ ಗಿಡ ಬೆಳೆಸುವುದರೊಂದಿಗೆ ಮಳೆನೀರನ್ನು ತಡೆದು ಇಂಗಿಸುವ ಕೆಲಸವೂ ನಡೆದಿದೆ. ಅದನ್ನು ಕಂಡ ಉತ್ಸಾಹದಲ್ಲಿ ಮರುದಿನ ಮಕ್ಕಳು ನಕ್ಷೆ ಬರೆದರು. ಸಿಮೆಂಟಿನ ಗೋಡೆ ಮಾಯವಾಗಿ ಇಳಿಜಾರು ದಡ ಬಂತು. ದಡದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ. ನೀರಿನಂಚಿನಲ್ಲಿ ಕೊಳೆ ಹೀರುವ ಜೊಂಡು. ನೋಡಲು ಬಹಳ ಚೆನ್ನಾಗಿತ್ತು.

ಆಗ ನಮ್ಮ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಈ ಜೊಂಡನ್ನು ಕೊಯ್ದ ಮೇಲೆ ಎಲ್ಲಿ ಹಾಕುತ್ತಾರೆ?"

ಕೊಟ್ಟಿಗೆಗೆ ಸೊಪ್ಪು ಹೊತ್ತವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಸಾರಜನಕ, ರಂಜಕಗಳನ್ನು ಜೊಂಡು ಹೀರಿಕೊಳ್ಳುವುದು ನಿಜ. ಕೊಯ್ಯದೆ ಬಿಟ್ಟರೆ ಕೊಳೆತು ಬಹುಪಾಲನ್ನು ನೀರಿಗೇ ಹಿಂದಿರುಗಿಸುತ್ತದೆ. ಕಾರ್ಖಾನೆಗಳಿಂದ ಬರುವ ಭಾರಲೋಹಗಳಂತೂ ಕರಗಿ ಇಲ್ಲವಾಗುವುದಿಲ್ಲ. ಹೂಳಿನಲ್ಲಿಯೋ ಗಿಡದಲ್ಲಿಯೋ ಉಳಿಯುತ್ತವೆ. ಅವನ್ನು ಹುಟ್ಟುವಲ್ಲಿಯೇ ತಡೆಯಬೇಕು. ನಮ್ಮ ನಕ್ಷೆಯಾದರೋ ಕೆಂಗೇರಿಯಲ್ಲಿಯೇ ಮುಗಿದಿತ್ತು. ಈ ನೀರಿನಿಂದಾಗಿ ಭತ್ತ ಬಿಟ್ಟು ಮೇವಿನ ಹುಲ್ಲು, ಹಿಪ್ಪುನೇರಳೆ ಬೆಳೆಯುವ ಬೈರಮಂಗಲದ ರೈತರು ಅದರಲ್ಲಿ ಇರಲಿಲ್ಲ, ಕೋಣೆಯಲ್ಲಿಯೂ ಇರಲಿಲ್ಲ.

ಮಕ್ಕಳನ್ನು ದೂರುವ ಹಕ್ಕು ನನಗಿಲ್ಲ. ಶಾಲೆಯಲ್ಲಿದ್ದಾಗ ವನಮಹೋತ್ಸವದ ದಿನ ನಮ್ಮೂರಿನ ಗೋಮಾಳದಲ್ಲಿ ಅಕೇಶಿಯಾ ಸಸಿಗಳನ್ನು ನೆಟ್ಟವರಲ್ಲಿ ನಾನೂ ಒಬ್ಬ. ಗುಡ್ಡ ಹಸಿರಾಯಿತೆಂದು ಹಿಗ್ಗಿದ್ದೆವು. ದನಗಳಿಗೆ ಹುಲ್ಲು ಇಲ್ಲವಾದದ್ದು ಆಮೇಲೆ ತಿಳಿಯಿತು. ನೆಡುವ ಮುನ್ನ ಅಲ್ಲಿ ದನ ಮೇಯಿಸುವವರನ್ನು ಯಾರೂ ಕೇಳಿರಲಿಲ್ಲ.

ಕೊನೆಯ ದಿನ ವಿದ್ಯಾರ್ಥಿಗಳು ಹಳೆಯ ನಕ್ಷೆಗೆ ಇನ್ನೊಂದು ಹಾಳೆ ಅಂಟಿಸಿ ಬೈರಮಂಗಲದವರೆಗೆ ಹೊಳೆಯನ್ನು ಬರೆದರು. ಮುಂದಿನ ಸಲ ಅಲ್ಲಿನ ರೈತರನ್ನು ಕರೆಯಬೇಕೆಂದೂ ನಿರ್ಧರಿಸಿದರು. ನಮ್ಮ ಊರುಗಳಲ್ಲಿಯೂ ಇದು ಆಗಲಿ. ಈ ಮಳೆಗಾಲ ಕಳೆದೊಡನೆ ಪ್ರತಿ ಶಾಲೆಯ ಮಕ್ಕಳು ತಮ್ಮೂರ ಹಳ್ಳದ ಗುಂಟ ಕೆಳಗಿನ ಊರಿನವರೆಗೆ ನಡೆದುಹೋಗಲಿ. ನಮ್ಮ ತೋಟದಿಂದ, ಕಾಫಿ ಪಲ್ಪರ್‌ನಿಂದ ಇಳಿದ ನೀರು ಅಲ್ಲಿ ಹೇಗಿದೆಯೆಂದು ಆ ಊರಿನವರನ್ನೇ ಕೇಳಿ ಬರಲಿ. ಗಿಡ ನೆಡುವ ಮಾತು ಆಮೇಲೆ.