ಕಳೆಯಲ್ಲ ಸ್ವಾಮಿ, ಜರೀಗಿಡ!

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಒಂದು ಠರಾವು ಬಂತು. ಹಿಂಬದಿಯ ಹೊಂಗೆಮರದ ಕೆಳಗಿರುವ "ಪಿಚ್ಚಿ ಮೊಕ್ಕಲು" ಕಿತ್ತುಹಾಕಿ, ಮರದ ಕೊಂಬೆಗಳನ್ನು ಸವರಿ, ನೆಲಕ್ಕೆ ಪೇವರ್ ಬ್ಲಾಕ್ ಹಾಸುವುದು. ಎರಡು ಕಾರಿಗೆ ಜಾಗ ಆಗುತ್ತದಂತೆ. ತೆಲುಗು ಬಾರದವರಿಗಾಗಿ ಹೇಳ್ತೀನಿ, ಪಿಚ್ಚಿ ಮೊಕ್ಕ ಅಂದರೆ ಹುಚ್ಚು ಗಿಡ, ಕಳೆ. ಆ ಕಳೆಗಳನ್ನು ತಂದು ನೆಟ್ಟ ಹುಚ್ಚ ನಾನೇ!

ಅವು ಕಳೆಯಲ್ಲ, ಜರೀಗಿಡ ಅಂದೆ. ಹೂ ಬಿಡುತ್ತಾ ಅಂತ ಕೇಳಿದರು. ಇಲ್ಲ. ಕಾಯಿ? ಅದೂ ಇಲ್ಲ. ಪೂಜೆಗೆ? ಇಲ್ಲ. "ಮತ್ತೆ ಯಾಕೆ ಸಾರ್?" ಅಂದರು. ಮೀಟಿಂಗಿನಲ್ಲಿ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗ ಎಲ್ಲಾ ಹೊಳೀತು, ಯಾವಾಗಲೂ ಹಾಗೇ ತಾನೇ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲನೇ ಆಕ್ಷೇಪಣೆ: "ಅದು ನಿಮ್ಮೂರ ಗಿಡ, ಹೈದರಾಬಾದಿಗೆ ಆಗಿಬರಲ್ಲ." ಮೇಲ್ನೋಟಕ್ಕೆ ಸರಿಯೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಇಲ್ಲಿ ಸುಮಾರು 800. ಆದರೆ ಸ್ವಲ್ಪ ಊರು ಸುತ್ತಿ ನೋಡಿ. ದಖ್ಖನ್ನಿನ ಬಂಡೆಗಳ ಬಿರುಕಿನಲ್ಲಿ, ಹಳೇ ಗೋಡೆಗಳ ಸಂದಿಯಲ್ಲಿ ಪುಟ್ಟ ಬೀಸಣಿಗೆಯಂಥ ಎಲೆಯ ಮಯೂರಶಿಖಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಮುದುಡಿ ಸತ್ತಂತಿರುತ್ತದೆ, ಮೊದಲ ಮಳೆಗೆ ಮತ್ತೆ ಹಸಿರು. ಅದೂ ಜರೀಗಿಡವೇ. ಈ ಊರಿನದೇ.

ಇನ್ನೊಂದು ತಮಾಷೆ ಕೇಳಿ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಗೊತ್ತಿರುತ್ತೆ, ಎಲೆಯ ಅಡಿಭಾಗ ಬೆಳ್ಳಗಿರುವ ಒಂದು ಜರೀಗಿಡ ಇದೆ. ಶಾಲೆಗೆ ಹೋಗುವಾಗ ಅದನ್ನು ಕಿತ್ತು ಮುಂಗೈ ಮೇಲಿಟ್ಟು ಪಟ್ ಅಂತ ಹೊಡೆದರೆ ಬಿಳೀ ಹಚ್ಚೆ ಮೂಡುತ್ತಿತ್ತು. ಇದು ನಮ್ಮೂರಿನದು, ನಮ್ಮದೇ ಅಂತ ಐವತ್ತು ವರ್ಷ ನಂಬಿದ್ದೆ. ಅದು ಉಷ್ಣವಲಯದ ಅಮೆರಿಕದಿಂದ ಬಂದು ನೆಲೆಸಿದ ಗಿಡ ಅಂತ ಆಮೇಲೆ ಓದಿ ತಿಳೀತು! ಮೂವತ್ತು ವರ್ಷದ ಹಿಂದೆ ಕಾಚಿಗುಡದಲ್ಲಿ ರೈಲಿಳಿದ ನನಗೂ "ಈ ಊರು ಆಗಿಬರಲ್ಲ, ಆರು ತಿಂಗಳಲ್ಲಿ ವಾಪಸ್ ಬರ್ತೀಯ" ಅಂದಿದ್ದರು. ನೆರಳು ಸಿಕ್ಕರೆ ಯಾರು ಬೇಕಾದರೂ ಬದುಕುತ್ತಾರೆ.

ಎರಡನೆಯದು: "ನೀರು ದಂಡ." ಇದನ್ನು ತಳ್ಳಿಹಾಕಲಾರೆ. ಏಪ್ರಿಲ್ ಬಂದರೆ ಟ್ಯಾಂಕರಿಗೆ ದುಡ್ಡು ಸುರಿಯುವವರು ನಾವು. ಆದರೆ ಹೆಚ್ಚು ನೀರು ಕೇಳುವುದು ಬಿಸಿಲಿನಲ್ಲಿ ಹರಡಿರುವ ಮುಂಬಾಗಿಲಿನ ಲಾನು, ಮರದ ಕೆಳಗಿನ ಜರೀಗಿಡವಲ್ಲ. ಹೊಂಗೆ ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿ ಏಪ್ರಿಲ್ ಹೊತ್ತಿಗೆ ಮತ್ತೆ ಚಿಗುರಿ ನೆರಳಾಗುತ್ತದೆ. ಉದುರಿದ ಎಲೆಯನ್ನು ಗುಡಿಸದೆ ಬಿಟ್ಟರೆ ಅದೇ ಹೊದಿಕೆ, ಅದೇ ಗೊಬ್ಬರ. ನಮ್ಮಲ್ಲಿ ಏನಾಗುತ್ತೆ? ಬೆಳಗ್ಗೆ ಎಲೆ ಗುಡಿಸಿ ಸುಡುತ್ತಾರೆ, ಸಂಜೆ ಬರೀ ನೆಲಕ್ಕೆ ಪೈಪಿನಲ್ಲಿ ನೀರು ಬಿಡುತ್ತಾರೆ! ದಂಡ ಯಾವುದು, ನೀವೇ ಹೇಳಿ.

ನಾನು ಹಾಕುವುದು ಏಸಿಯಿಂದ ತೊಟ್ಟಿಕ್ಕುವ ನೀರು, ಮಳೆಗಾಲದಲ್ಲಿ ಹಿಡಿದಿಟ್ಟ ನೀರು, ಸಾಲದಾದಾಗ ಅಕ್ಕಿ ತೊಳೆದ ನೀರು. ಏಸಿ ನೀರಿನಲ್ಲಿ ಲವಣ ಹೆಚ್ಚುಕಡಿಮೆ ಇರುವುದೇ ಇಲ್ಲ, ಜರೀಗಿಡಕ್ಕೆ ಅದು ಹಿತ. ಬಹಳ ಜನ ಪುಣ್ಯಕಾರ್ಯ ಅಂತ ಆರ್‌ಒ ಯಂತ್ರ ಹೊರಹಾಕುವ ನೀರು ಹೊಯ್ಯುತ್ತಾರೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಎಲೆಯ ತುದಿ ಸುಟ್ಟಂತಾಗುತ್ತದೆ. ಆಮೇಲೆ "ನೋಡಿ, ಈ ಊರಿಗೆ ಆಗಿಬರಲಿಲ್ಲ"!

ಮೂರನೆಯದು ಸೊಳ್ಳೆ. ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ಕುಂಡದ ಕೆಳಗಿನ ತಟ್ಟೆ, ಒಡೆದ ಬಕೆಟ್ಟು, ಮುಚ್ಚಳವಿಲ್ಲದ ಡ್ರಮ್ಮು, ಇವನ್ನು ಹುಡುಕಿ. ನೀರು ಇಂಗುವ ಮಣ್ಣಿನ ಮೇಲೆ ಯಾಕೆ ಸಿಟ್ಟು?

ನಾಲ್ಕನೆಯದಂತೂ ನಗು ಬರಿಸಿತು. ಒಬ್ಬರು ಎಲೆ ಮಗುಚಿ ಸಾಲು ಸಾಲು ಕಂದು ಚುಕ್ಕೆ ತೋರಿಸಿ, "ರೋಗ ಬಂದಿದೆ, ಎಲ್ಲಾ ಗಿಡಕ್ಕೂ ಹರಡುತ್ತೆ" ಅಂದರು. ಹೋದ ವರ್ಷ ಮಾಲಿ ಇದನ್ನೇ ಕೀಟ ಅಂದುಕೊಂಡು ಔಷಧಿ ಹೊಡೆದಿದ್ದ. ಸ್ವಾಮಿ, ಅದು ರೋಗವಲ್ಲ, ಸಂತಾನ! ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ, ಆ ಚುಕ್ಕೆಗಳಲ್ಲಿರುವ ಬೀಜಕಣವೇ ಎಲ್ಲ. ಅದು ಒದ್ದೆ ಇಟ್ಟಿಗೆಯ ಮೇಲೆ ಬಿದ್ದು, ಉಗುರಿಗಿಂತ ಚಿಕ್ಕ ಹೃದಯದಾಕಾರದ ಹಸಿರು ಹಾಳೆಯಾಗಿ, ಅದರ ಮೇಲೆ ನೀರಿನ ತೆಳುಪದರ ಇದ್ದರೆ ಮಾತ್ರ ಗಂಡುಕಣ ಈಜಿಹೋಗಿ ಹೊಸ ಗಿಡ ಹುಟ್ಟುತ್ತದೆ. ನಮ್ಮ ಪಂಪ್‌ಹೌಸಿನ ಹಿಂದಿನ ಗೋಡೆಯಲ್ಲಿ ಹಾಗೆ ತಾನಾಗಿ ಹುಟ್ಟಿದವು ಮೂರು ಗಿಡ ಇವೆ. ಯಾರೂ ನೆಟ್ಟಿಲ್ಲ, ನಾನೂ ನೆಟ್ಟಿಲ್ಲ.

ಹಾಗಂತ ಜರೀಪ್ರೇಮಿಗಳೆಲ್ಲ ಸಾಚಾ ಅಲ್ಲ. ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್‌ಗೆ ಕಲ್ಲಿದ್ದಲ ಹೊಗೆಯಿಂದಾಗಿ ಅಂಗಳದಲ್ಲಿ ಜರೀಗಿಡ ಬದುಕುತ್ತಿರಲಿಲ್ಲ. 1829ರಲ್ಲಿ ಪತಂಗದ ಗೂಡಿಗೆ ಅಂತ ಮಣ್ಣು ಹಾಕಿ ಮುಚ್ಚಿಟ್ಟ ಬಾಟಲಿಯಲ್ಲಿ ತಾನಾಗಿ ಜರೀಗಿಡ ಮೊಳೆಯಿತು. ಅದರಿಂದ ಗಾಜಿನ ಪೆಟ್ಟಿಗೆ ಬಂತು, ಅದರ ಬೆನ್ನಿಗೆ ಇಂಗ್ಲೆಂಡಿನಲ್ಲಿ ಜರೀಗಿಡದ ಹುಚ್ಚು ಹತ್ತಿ ಜನ ಕಾಡುಮೇಡಿನಿಂದ ಗಿಡಗಳನ್ನು ಕಿತ್ತು ತಂದರು. ನಾವೂ ಅದನ್ನೇ ಮಾಡ್ತೀವಿ. ಊರಿಗೆ ಹೋದವರು ಘಾಟಿಯಲ್ಲಿ ಕಾರು ನಿಲ್ಲಿಸಿ ಬೇರುಸಮೇತ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತೀವಿ. ನಾನೂ ಮೂರು ಸಲ ಮಾಡಿದ್ದೇನೆ, ಮೂರು ಸಲವೂ ಸಾಯಿಸಿದ್ದೇನೆ. ಈಗ ಮಾಡಲ್ಲ. ನೆಕ್ಲೇಸ್ ರಸ್ತೆಯ ನರ್ಸರಿ ಮೇಳದಲ್ಲಿ ಸಿಗುವ ಸಾದಾ ಕತ್ತಿಜರಿ, ನೆಫ್ರೋಲೆಪಿಸ್, ಸಾಕು. ಅದರ ಒಂದು ಜಾತಿಯಲ್ಲಿ ನೀರು ಕೂಡಿಡುವ ಗಡ್ಡೆ ಇರುತ್ತದೆ. ನೆಡುವಾಗ ಕಾಂಡವನ್ನು ಆಳಕ್ಕೆ ಹೂಳಬೇಡಿ, ಒಣಗಾಳಿ ಬೀಸುವ ಮೂಲೆಯಲ್ಲಿಡಬೇಡಿ, ಅಷ್ಟೇ.

ಈಗ ನಿಜವಾದ ಮಾತಿಗೆ ಬರ್ತೀನಿ. ನನ್ನ ಜಗಳ ಹತ್ತು ಗಿಡದ್ದಲ್ಲ, ನೆರಳಿನದು. "ಇದೇನು ದೊಡ್ಡ ಮರವೇ, ಇದೇನು ತೋಟವೇ" ಅನ್ನುವ ಮಾತು ಈ ಊರಿಗೆ ಹೊಸದಲ್ಲ. 2025ರ ಮಾರ್ಚ್ ಕೊನೆಯಲ್ಲಿ ಕಂಚ ಗಚ್ಚಿಬೌಲಿಯ 400 ಎಕರೆಗೆ ಜೆಸಿಬಿ ನುಗ್ಗಿಸಿದಾಗಲೂ ಅದು ದಾಖಲೆಯಲ್ಲಿ ಕಾಡೇ ಅಲ್ಲ ಎಂದೇ ವಾದ ಬಂತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆ ಕೊಡುವ ಹೊತ್ತಿಗೆ ಬಹಳಷ್ಟು ಮರ ಉರುಳಿದ್ದವು. ನಮ್ಮ ಹೊಂಗೆಗೆ ಯಾವ ಕೋರ್ಟೂ ಬರಲ್ಲ. ಮರ ಕಡಿಯಲು ಅನುಮತಿ ಬೇಕು ಅನ್ನುವ 2002ರ ವಾಲ್ಟಾ ಕಾಯಿದೆ ಏನೋ ಇದೆ. ಆದರೆ ನಾವು "ಕಡಿಯುವುದಿಲ್ಲ", ಬರೀ "ಸವರುತ್ತೇವೆ", ಬೋಳು ಕಂಬ ಉಳಿಯುವವರೆಗೆ!

ಆ ನೆರಳಿನಲ್ಲಿ ಮಧ್ಯಾಹ್ನ ಯಾರಿರುತ್ತಾರೆ ಗೊತ್ತಾ? ವಾಚ್‌ಮನ್ ಹೆಂಡತಿ ತರಕಾರಿ ಹೆಚ್ಚುತ್ತಾಳೆ, ಮಕ್ಕಳಿಬ್ಬರು ಹೋಂವರ್ಕ್ ಬರೆಯುತ್ತಾರೆ. ಶೀಟಿನ ಕೋಣೆಯಲ್ಲಿರುವ ಅವರಿಗೆ ಏಸಿ ಅಂದರೆ ಅದೇ. ಮೀಟಿಂಗಿನಲ್ಲಿ ಅವರಿಗೆ ವೋಟಿಲ್ಲ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಮುಂದಿನ ಪೇವರ್ ಬ್ಲಾಕ್ ಮೇಲೆ ಒಂದು ನಿಮಿಷ, ಹೊಂಗೆ ಕೆಳಗೆ ಒಂದು ನಿಮಿಷ ಬರಿಗಾಲಲ್ಲಿ ನಿಂತು ಬನ್ನಿ, ಆಮೇಲೆ ಕೈಯೆತ್ತಿ ಅಂತ ಕಮಿಟಿಗೆ ಬರೆದು ಕೊಡುತ್ತಿದ್ದೇನೆ.

ಜೊತೆಗೆ ಇನ್ನೊಂದು ಸಾಲು. ನನ್ನ ಕಾರು ಈಗ ವಾರಕ್ಕೊಮ್ಮೆಯೂ ಹೊರಡುವುದಿಲ್ಲ. ಅದನ್ನು ಮಾರಿ ನನ್ನ ಪಾರ್ಕಿಂಗ್ ಜಾಗ ಬಿಟ್ಟುಕೊಡುತ್ತೇನೆ. ಒಂದು ಕಾರಿನ ಸಮಸ್ಯೆ ಮುಗೀತು. ಇನ್ನೊಂದಕ್ಕೆ ಇನ್ನೊಬ್ಬ ಪುಣ್ಯಾತ್ಮ ಬೇಕು. ಮುಂದಿನ ಭಾನುವಾರ ಹನ್ನೊಂದಕ್ಕೆ ವೋಟು.

ಏನಾಯ್ತು ಅಂತ ಬಂದು ಬರೀತೀನಿ. ಅಷ್ಟರೊಳಗೆ ನಿಮ್ಮ ಕಟ್ಟಡದ ಹಿಂಬದಿಗೊಮ್ಮೆ ಹೋಗಿ, ಒದ್ದೆ ಗೋಡೆಯಲ್ಲಿ ಏನಾದರೂ ಹುಟ್ಟಿದೆಯಾ ನೋಡಿ. ಹುಟ್ಟಿದ್ದರೆ ದಯವಿಟ್ಟು ಕೀಳಬೇಡಿ.