ಸಂಘದೊಳಗಿನ ಜಾತಿಗೂ ಮುಷ್ಕರ ಹೂಡಿದ ಬಾಬಾಸಾಹೇಬ



ಏಪ್ರಿಲ್ 14 ಬಂತಂದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹಾಸ್ಟೆಲುಗಳಲ್ಲಿ ಬಾಬಾಸಾಹೇಬರ ಫೋಟೋಕ್ಕೆ ಹಾರ ಬೀಳುತ್ತದೆ. ಬಂದವರು ಅವರ ಕೋಟು, ಕನ್ನಡಕ, ಕೈಯಾಗಿನ ಸಂವಿಧಾನದ ಬಗ್ಗೆ ಮಾತಾಡಿ ಚಹಾ ಕುಡಿದು ಹೋಗುತ್ತಾರೆ. ಕೆಳಗೆ ಕುಂತು ಕೇಳುವ ನಾವು ಯಾರ ಮಕ್ಕಳು? ನಮ್ಮಪ್ಪ ಗೋವಾದಾಗ ಕಟ್ಟಡದ ಕೆಲಸಕ್ಕ ಪುಟ್ಟಿ ಹೊರಾಕ ಹೋಗ್ಯಾನ. ದೀಪಾವಳಿ ಮುಗೀತಂದ್ರ ನಮ್ಮವ್ವ ಮಹಾರಾಷ್ಟ್ರಕ್ಕ ಕಬ್ಬು ಕಡಿಯಾಕ ಹೋಗ್ತಾಳ. ಇಂಥ ಮಕ್ಕಳಿಗೆ ಕೂಲಿಕಾರರ ನಾಯಕ ಅಂಬೇಡ್ಕರರನ್ನು ಯಾರೂ ಪರಿಚಯಿಸಲಿಲ್ಲ. ಅದಕ್ಕೇ ಈ ಮಾತು.

1956ರ ತನಕ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿಗೆ ಸೇರಿತ್ತು. ಅಲ್ಲಿಯ ಶಾಸನಸಭೆಯಲ್ಲಿ ಬಾಬಾಸಾಹೇಬರು ಎತ್ತಿದ ದನಿ ನಮ್ಮದೂ ಆಗಿತ್ತು. 1928ರಲ್ಲಿ ವತನದ ಬಿಟ್ಟಿ ಚಾಕರಿಯ ವಿರುದ್ಧ ಅವರು ಮಸೂದೆ ತಂದರು. ಅದೇ ವರ್ಷ ಮುಂಬಯಿ ಗಿರಣಿಗಳಲ್ಲಿ ದೊಡ್ಡ ಮುಷ್ಕರವಾಯಿತು.

ಆ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಪಗಾರ ಹೆಚ್ಚು. ಆದರೆ ಅಲ್ಲಿ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ಯಾಕ? ಲಾಳಿಯ ನೂಲು ಮುಗಿದಾಗ ಹೊಸ ಎಳೆಯನ್ನು ಬಾಯಿಂದ ಎಳೆಯಬೇಕಿತ್ತು. ನಮ್ಮವರ ಎಂಜಲು ತಾಗಿದರೆ ಸವರ್ಣ ಕಾರ್ಮಿಕನ ಜಾತಿ ಕೆಡುತ್ತದಂತೆ! ಒಬ್ಬನೇ ಮಾಲಕನ ಕೈಕೆಳಗೆ ಇಬ್ಬರೂ ಬೆವರು ಸುರಿಸುತ್ತಿದ್ದರು. ಒಬ್ಬನ ಬೆವರು ಇನ್ನೊಬ್ಬನಿಗೆ ಮೈಲಿಗೆ. ಈ ಬಾಗಿಲು ತೆರೆಯುವುದೂ ನಿಮ್ಮ ಬೇಡಿಕೆ ಆಗಲಿ, ಇಲ್ಲವಾದರೆ ನಮ್ಮವರು ಮುಷ್ಕರದಿಂದ ದೂರ ಉಳಿಯುತ್ತಾರೆ ಎಂದು ಬಾಬಾಸಾಹೇಬರು ಮುಂದಾಳುಗಳಿಗೆ ಹೇಳಿದರು. ಒಲ್ಲದ ಮನಸ್ಸಿನಿಂದ ಅವರು ಅದನ್ನು ಪಟ್ಟಿಗೆ ಸೇರಿಸಿದರು. ಗಿರಣಿ ಮಾಲಕರು ನಕ್ಕು, ಇದು ಅನ್ಯಾಯವೇ ಇದ್ದರೆ ಮಾಡಿದವರು ನಾವಲ್ಲ ಎಂದರಂತೆ. ನಾಚಿಕೆಗೇಡಿನ ಸಂಗತಿಯೆಂದರೆ, ಆ ಒಂದು ಮಾತಿನಲ್ಲಿ ಮಾಲಕರು ಪೂರ್ತಿ ಸುಳ್ಳು ಹೇಳಿರಲಿಲ್ಲ.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ಜಿ.ಐ.ಪಿ. ರೇಲ್ವೆಯ ಅಸ್ಪೃಶ್ಯ ಕೆಲಸಗಾರರ ಸಮ್ಮೇಳನ ಸೇರಿತು. ಸೊಲ್ಲಾಪುರದ ಮೇಲೆ ಹಾಯ್ದು ರಾಯಚೂರಿಗೆ ಬರುವ ಹಳಿಯೂ ಅದೇ ಜಿ.ಐ.ಪಿ.ಯದು. ಅಲ್ಲಿ ನಮ್ಮವನು ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಮುದುಕನಾಗುತ್ತಿದ್ದ. ಪೋರ್ಟರ್ ಕೆಲಸವೂ ಸಿಗುವುದು ಕಷ್ಟ, ಯಾಕಂದ್ರ ಪೋರ್ಟರ್ ಸ್ಟೇಷನ್ ಮಾಸ್ತರನ ಮನೆಗೆಲಸವನ್ನೂ ಮಾಡಬೇಕು, ಮನೆಯೊಳಗ ನಮ್ಮವನನ್ನ ಬಿಟ್ಟುಕೊಳ್ಳವರ್‍ಯಾರು? ಇದನ್ನೆಲ್ಲ ಬಾಬಾಸಾಹೇಬರು ಒಂದೊಂದಾಗಿ ಎಣಿಸಿದರು. ಕೂಲಿಕಾರನಿಗೆ ವೈರಿಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದರು. ಬ್ರಾಹ್ಮಣಶಾಹಿ ಅಂದರೆ ಒಂದು ಜಾತಿಯ ಜನ ಅಲ್ಲ, ಸ್ವಾತಂತ್ರ್ಯ ಸಮಾನತೆ ಬಂಧುತ್ವಗಳನ್ನು ಅಲ್ಲಗಳೆಯುವ ಬುದ್ಧಿ, ಅದು ಎಲ್ಲ ಜಾತಿಗಳಲ್ಲೂ ಹರಡಿದೆ ಎಂದೂ ಬಿಡಿಸಿ ಹೇಳಿದರು. ಈ ದೇಶದ ಕಾರ್ಮಿಕ ಸಂಘಗಳು ನಿಂತು ನಾರುವ ಹೊಂಡದಂತಾಗಿವೆ ಎಂದು ಮುಖಕ್ಕೆ ಹೊಡೆದಂತೆ ನುಡಿದರು.

ಹಾಗಾದರೆ ಅವರು ಸಂಘ ಒಡೆಯುವವರೇ? ಕೆಲವು ಗೆಳೆಯರು ಇಂದಿಗೂ ಹಾಂಗ ಅಂತಾರ. ಜಾತಿ ಮಾತು ತೆಗೀಬ್ಯಾಡ್ರಿ, ಒಗ್ಗಟ್ಟು ಮುರೀತದ ಅಂತಾರ. ಅದೇ 1938ರ ನವೆಂಬರ್ 7ಕ್ಕೆ ಏನಾಯಿತು ನೋಡಿರಿ. ಮುಂಬಯಿ ಸರ್ಕಾರ ಮುಷ್ಕರದ ಕೈ ಕಟ್ಟುವ ಕೈಗಾರಿಕಾ ವಿವಾದ ಮಸೂದೆ ತಂದಾಗ ಬಾಬಾಸಾಹೇಬರು ಸಭೆಯೊಳಗೆ ಎದುರಿಸಿದರು, ಹೊರಗೆ ಕಮ್ಯುನಿಸ್ಟರ ಜೊತೆ ನಿಂತು ಒಂದು ದಿನದ ಮುಷ್ಕರ ಮಾಡಿಸಿದರು. ಕೆಲಸ ಒಲ್ಲೆ ಅಂದವನಿಗೆ ಜೈಲು ಅಂದರೆ ಅದು ಗುಲಾಮಗಿರಿ ಎಂಬುದು ಅವರ ವಾದ. ಸಂಘದೊಳಗಿನ ಜಾತಿಗೆ ಬೈದವರೇ ಸಂಘದ ಹಕ್ಕಿಗಾಗಿ ಬೀದಿಗೆ ಬಂದರು. ಒಗ್ಗಟ್ಟು ಮುರಿದವನು ನೂಲಿಗೆ ಮೈಲಿಗೆ ಅಂಟಿಸಿದವನೋ, ಅದನ್ನು ಕೇಳಿದವನೋ?

1942ರಿಂದ 1946ರ ತನಕ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1943ರಲ್ಲಿ ಮಾಲಕರು ಸಂಘಗಳನ್ನು ಮಾನ್ಯ ಮಾಡಲೇಬೇಕೆನ್ನುವ ಮಸೂದೆ ಮಂಡಿಸಿದರು. 1946ರಲ್ಲಿ ಕಾರ್ಖಾನೆಗಳ ವಾರದ ದುಡಿಮೆ 54 ತಾಸಿನಿಂದ 48ಕ್ಕೆ ಇಳಿಯಿತು. 1943ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಕಾರ್ಮಿಕ ಶಿಬಿರದಲ್ಲಿ ಅವರು ಹೇಳಿದ್ದು ನಮ್ಮಂಥ ಓದುವ ಹುಡುಗರಿಗೇ ಹೇಳಿದಂತಿದೆ. ಸಂಘ ಕಟ್ಟಿದರೆ ಸಾಲದು, ಕಾರ್ಮಿಕರು ಸರ್ಕಾರ ಹಿಡಿಯಬೇಕು. ರೂಸೋ, ಮಾರ್ಕ್ಸ್, ಮಿಲ್ ಓದಬೇಕು. ರಾಜರಾಣಿಯರ ಕಟ್ಟುಕಥೆಗಳಲ್ಲಿ ಮೈಮರೆಯಬಾರದು.

ಇನ್ನು ನಮ್ಮ ಮಾತು. ಬಸವಣ್ಣ ಹುಟ್ಟಿದ ನಾಡಿನಲ್ಲಿ ಕಾಯಕದ ಮಾತು ಗೋಡೆ ಗೋಡೆಗೆ ಬರೆದದ. ಕೂಲಿಯ ಲೆಕ್ಕ ಮಾತ್ರ ಮುಕಾದಮನ ಡೈರಿಯೊಳಗ ಅದ. ಕಬ್ಬಿನ ಗ್ಯಾಂಗಿನಲ್ಲಿ ಗಂಡ ಹೆಂಡತಿ ಇಬ್ಬರ ದುಡಿಮೆ ಸೇರಿ ಒಂದೇ ಕೊಯ್ತಾ. ಮುಂಗಡ ಗಂಡನ ಕೈಗೆ, ಅವ್ವನ ಹೆಸರು ಯಾವ ಕಾಗದದಲ್ಲೂ ಇಲ್ಲ. 2020ರ ಕೈಗಾರಿಕಾ ಸಂಬಂಧ ಸಂಹಿತೆ ಮುಷ್ಕರಕ್ಕೆ 14 ದಿನ ಮೊದಲೇ ನೋಟೀಸು ಕೊಡಬೇಕು ಅನ್ನುತ್ತದೆ. ನೋಟೀಸು ಕೊಡಾಕ ನಮ್ಮ ಗ್ಯಾಂಗಿಗೆ ಸಂಘ ಎಲ್ಲದ?

ಬೇರೆಯವರನ್ನು ಬೈದರೆ ಮುಗಿಯಲಿಲ್ಲ. ನಮ್ಮ ಕೇರಿಗಳನ್ನೇ ನೋಡಿಕೊಳ್ಳೋಣ. ಹೊಲೆಯರ ಹುಡುಗ, ಮಾದಿಗರ ಹುಡುಗ ಒಂದೇ ಹಾಸ್ಟೆಲಿನಲ್ಲಿದ್ದೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತರೆ, ಆ ನೂಲಿನ ಮೈಲಿಗೆ ನಮ್ಮ ಬಾಯಲ್ಲೂ ಇದೆ ಅಂತಲೇ ಅರ್ಥ. ಬ್ರಾಹ್ಮಣಶಾಹಿ ಎಲ್ಲ ಜಾತಿಗಳಲ್ಲೂ ಇದೆ ಅಂದದ್ದು ನಮಗೂ ಅಂದದ್ದು.

ಆದ್ದರಿಂದ ಈ ಸಲ ರಜಕ್ಕೆ ಊರಿಗೆ ಹೋದಾಗ ಒಂದು ನೋಟುಬುಕ್ ಒಯ್ಯೋಣ. ಯಾರ ಮನೆಯವರು ಎಲ್ಲಿಗೆ ಹೋಗ್ಯಾರ, ಮುಂಗಡ ಎಷ್ಟು, ಮುರಿದುಕೊಂಡದ್ದೆಷ್ಟು ಬರೆಯೋಣ. ಅವ್ವನ ಹೆಸರನ್ನು ಬೇರೆ ಸಾಲಿನಲ್ಲಿ ಬರೆಯೋಣ. ಎಲ್ಲ ಕೇರಿಯ ಲೆಕ್ಕ ಒಂದೇ ಬುಕ್ಕಿನಲ್ಲಿರಲಿ. ಮುಂದಿನ ಏಪ್ರಿಲ್ 14ಕ್ಕೆ ಹಾರದ ಜೊತೆ ಆ ಬುಕ್ಕನ್ನು ಫೋಟೋದ ಮುಂದೆ ಇಟ್ಟು ಓದೋಣ. ಸಂಘ ಅಲ್ಲಿಂದ ಶುರುವಾಗಲಿ.

ಜೈ ಭೀಮ್.